ಕಮ್ಮಿ ಸಂಬಳದ ಬಡ್ತಿ

ಬಿಗಿ ಸಿಸ್ಟರ್ ಅಂತ ಅವಳಿಗೆ ಹೆಸರು ಬಿದ್ದದ್ದು ಗಂಡಸರ ಸರ್ಜರಿ ವಾರ್ಡಿನಲ್ಲಿ. ಅವಳು ಕಟ್ಟಿದ ಬ್ಯಾಂಡೇಜು ಅವಳೇ ಬಿಚ್ಚುವ ತನಕ ಸಡಿಲವಾಗುತ್ತಿರಲಿಲ್ಲ. ಮೊದಲ ದಿನ ಅವಳನ್ನು ಬೈದುಕೊಂಡ ರೋಗಿಗಳೇ ಮೂರನೇ ದಿನ ಬೇರೆ ಯಾರಾದರೂ ಟ್ರಾಲಿ ತಳ್ಳಿಕೊಂಡು ಬಂದರೆ, "ನೀವು ಬೇಡ, ಆ ಬಿಗಿ ಸಿಸ್ಟರೇ ಬರಲಿ" ಎಂದು ಹಟ ಹಿಡಿಯುತ್ತಿದ್ದರು. ಹತ್ತೊಂಬತ್ತು ವರ್ಷ ಅದೇ ವಾರ್ಡು, ಅದೇ ಮೂವತ್ತೆರಡು ಹಾಸಿಗೆ. ಅವಳು ನೋಡದ ಹೊಟ್ಟೆ ಇರಲಿಲ್ಲ, ಕೇಳದ ಸುಳ್ಳು ಇರಲಿಲ್ಲ. ಆಪರೇಷನ್ನಿಗೆ ಮುಂಚೆ ಏನೂ ತಿಂದಿಲ್ಲ ಎಂದು ಆಣೆ ಮಾಡುವವರ ಮೀಸೆಯ ಮೇಲಿನ ಬಿಸ್ಕತ್ತಿನ ಪುಡಿಯನ್ನು ಬಾಗಿಲಿನಿಂದಲೇ ಗುರುತಿಸುವಷ್ಟು ಅವಳ ಕಣ್ಣು ಪಳಗಿತ್ತು.

ಹಳೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ನಿವೃತ್ತರಾದ ವಾರ, ಆಸ್ಪತ್ರೆಯ ಆಡಳಿತಾಧಿಕಾರಿ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಕುರ್ಚಿ ತೋರಿಸಿ ಕೂರಿ ಎಂದರು. ಟೀ ತರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಸಿಕ್ಕ ಮೊದಲ ಕುರ್ಚಿ ಅದು, ಮೊದಲ ಟೀ ಕೂಡ. ಅವಳಿಗೆ ಅನುಮಾನ ಶುರುವಾದದ್ದೇ ಆಗ.

"ಆ ಜಾಗಕ್ಕೆ ನಿಮ್ಮನ್ನ ಬಿಟ್ಟರೆ ಇನ್ಯಾರೂ ಕಾಣಿಸ್ತಿಲ್ಲ ಸಿಸ್ಟರ್," ಎಂದರು ಆಡಳಿತಾಧಿಕಾರಿ. "ನೂರಾ ನಲವತ್ತು ಜನ ನರ್ಸುಗಳು ನಿಮ್ಮ ಕೈ ಕೆಳಗೆ. ಸ್ವಂತ ಕೋಣೆ. ಇನ್ಮೇಲೆ ನೈಟ್ ಡ್ಯೂಟಿ ಅನ್ನೋ ಮಾತೇ ಇಲ್ಲ."

"ಸಂಬಳ ಎಷ್ಟು ಸರ್?"

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಮೂಲ ಸಂಬಳ ಸ್ವಲ್ಪ ಏರುತ್ತದೆ ಎಂದರು. ಆದರೆ ನೈಟ್ ಭತ್ಯೆ ಇರುವುದಿಲ್ಲ, ಓವರ್‌ಟೈಮ್ ಇರುವುದಿಲ್ಲ, ವಾರ್ಡಿನವರಿಗೆ ಕೊಡುವ ಸೋಂಕು ಭತ್ಯೆಯೂ ಇರುವುದಿಲ್ಲ. ಅದರ ಬದಲಿಗೆ ಹುದ್ದೆ ಭತ್ಯೆ ಅಂತ ಒಂದು ಚಿಕ್ಕದು. ಎಲ್ಲಾ ಕೂಡಿಸಿ ಕಳೆದರೆ ಕೈಗೆ ಬರುವುದು ಈಗಿನದ್ದಕ್ಕಿಂತ ಒಂದು ಸ್ವಲ್ಪ ಆಚೆ ಈಚೆ ಆಗಬಹುದು.

"ಆಚೆಯೋ ಈಚೆಯೋ?"

"ಈಚೆ," ಎಂದು ಒಪ್ಪಿಕೊಂಡರು. "ಆದರೆ ಗೌರವ ನೋಡಿ ಸಿಸ್ಟರ್."

ಅವಳು ಟೀ ಪೂರ್ತಿ ಕುಡಿದಳು. ಅದೊಂದಾದರೂ ಗಿಟ್ಟಲಿ ಎಂದುಕೊಂಡಳು. ಅವರು ಕೊಟ್ಟ ಬಡ್ತಿ ಪತ್ರ ಮಡಚಿ ಕೈಚೀಲದಲ್ಲಿಟ್ಟುಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದು ಬಂದಳು.

ಮನೆಯಲ್ಲಿ ಕೇಳಿ ಹೇಳುವುದು ಅಂದರೆ ಅತ್ತೆಯನ್ನು ಕೇಳುವುದು ಅಂತಲೇ ಅರ್ಥ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿ ಕೂತವರು. ಊರಿನ ಜನರ ಮದುವೆ ಮಾತುಕತೆ, ಪಾಲುದಾರರ ಜಗಳ, ಎಲ್ಲ ಅವರ ಕಿವಿಯ ಮೂಲಕವೇ ಹಾದುಹೋಗಿತ್ತು. ಹಾಗಾಗಿ ಯಾರು ಏನೇ ಹೇಳಿದರೂ, ಹೇಳದೆ ಬಿಟ್ಟದ್ದು ಏನು ಎಂದು ಮೊದಲು ಹುಡುಕುವುದು ಅವರಿಗೆ ಅಭ್ಯಾಸ. ಭೂತಗನ್ನಡಿ ಹಿಡಿದು ಪತ್ರವನ್ನು ಎರಡು ಸಲ ಓದಿದರು.

"ಸಂಬಳ ಇಳಿಸಿ ಮೇಲಿನ ಕುರ್ಚಿಗೆ ಕೂರಿಸೋದನ್ನ ನಮ್ಮ ಕಾಲದಲ್ಲಿ ಶಿಕ್ಷೆ ಅಂತಿದ್ರು," ಎಂದರು. "ನೀನೇನಾದ್ರೂ ತಪ್ಪು ಮಾಡಿದ್ಯೇನಮ್ಮಾ?"

"ಇಲ್ಲ ಅತ್ತೆ. ಬಡ್ತಿ ಅಂತೆ."

ಗಂಡ ಲಿಫ್ಟ್ ರಿಪೇರಿ ಮಾಡುವವನು. ಉಗುರಿನ ಸಂದಿಯ ಗ್ರೀಸನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾ ಸಿಂಕಿನ ಹತ್ತಿರ ನಿಂತಿದ್ದ. "ಮೇಲಿನ ಬಟನ್ ಒತ್ತಿದ್ರೆ ಕೆಳಗೆ ಹೋಗೋ ಲಿಫ್ಟು ನಾನೂ ನೋಡಿದ್ದೀನಿ," ಎಂದ. "ಅದನ್ನ ನಾವು ಬಂದ್ ಮಾಡಿ ಬೋರ್ಡು ಹಾಕ್ತೀವಿ."

"ತಮಾಷೆ ಆಮೇಲೆ. ಈಗ ಏನು ಮಾಡ್ಲಿ ಹೇಳಿ."

"ನಿನಗೆ ಬಿಟ್ಟಿದ್ದು."

ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಅವನು ಅವಳಿಗೆ ಬಿಟ್ಟುಕೊಟ್ಟದ್ದನ್ನೆಲ್ಲ ಒಂದು ಕಡೆ ರಾಶಿ ಹಾಕಿದ್ದರೆ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅವಳು ಅವನ ಬೆನ್ನನ್ನೇ ನೋಡುತ್ತಾ ನಿಂತಳು. ಮೊಣಕಾಲು ಎರಡೂ ಸಣ್ಣಗೆ ಸೇದುತ್ತಿದ್ದವು. ನೈಟ್ ಡ್ಯೂಟಿ ಇಲ್ಲ ಎನ್ನುವ ಮಾತು ಮೊಣಕಾಲಿಗೆ ತುಂಬ ಹಿಡಿಸಿತ್ತು. ಆದರೆ ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಇನ್ನೂ ಎರಡು ವರ್ಷದ ಓದು ಬಾಕಿ. ಪತ್ರದ ಲೆಕ್ಕದ ಹಾಗೆ ಐದರಲ್ಲಿ ಒಂದು ಪಾಲು ಸಂಬಳ ಗೌರವವಾಗಿ ಮಾರ್ಪಟ್ಟರೆ ಹಾಸ್ಟೆಲಿನವರು ಅದನ್ನು ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೀಟಿಂಗು ಅಂದರೆ ಅವಳಿಗೆ ಆಗುತ್ತಿರಲಿಲ್ಲ. ಕೀವು ಕಂಡರೆ ಮುಖ ಸಿಂಡರಿಸದವಳು, ಪ್ರೊಜೆಕ್ಟರ್ ಕಂಡರೆ ಸಿಂಡರಿಸುತ್ತಿದ್ದಳು.

ಮಾರನೇ ದಿನ ಹೋಗಿ ಬೇಡ ಎಂದಳು. ಆಡಳಿತಾಧಿಕಾರಿ ಈ ಸಲ ಟೀ ತರಿಸಲಿಲ್ಲ.

ಹುದ್ದೆ ಹೋದದ್ದು ಆಪರೇಷನ್ ಥಿಯೇಟರಿನ ಒಬ್ಬ ನರ್ಸಣ್ಣನಿಗೆ. ಒಳ್ಳೆಯ ಮನುಷ್ಯ, ಅಚ್ಚುಕಟ್ಟು, ಇಸ್ತ್ರಿ ಮುರಿಯದ ಅಂಗಿ. ಅವನು ಹಾಕುವ ಡ್ಯೂಟಿ ಪಟ್ಟಿಯಲ್ಲಿ ಬೆಳಗಿನ ಪಾಳಿಗೆ ಹಳದಿ, ಮಧ್ಯಾಹ್ನಕ್ಕೆ ಹಸಿರು, ರಾತ್ರಿಗೆ ನೀಲಿ, ರಜೆಗೆ ತೆಳು ಗುಲಾಬಿ. ಎರಡೇ ವಾರದಲ್ಲಿ ಇಡೀ ಆಸ್ಪತ್ರೆ ಅವನನ್ನು ಬಣ್ಣದ ಪೆನ್ಸಿಲ್ ಎಂದು ಕರೆಯತೊಡಗಿತು. ಪಟ್ಟಿ ನೋಡಲು ಚಂದ. ಲೆಕ್ಕವೂ ತಪ್ಪಿರಲಿಲ್ಲ, ಇಷ್ಟು ಹಾಸಿಗೆಗೆ ಇಷ್ಟು ಜನ ಅಂತ ಭಾಗಿಸಿದರೆ ಶೇಷ ಸೊನ್ನೆ. ಮನುಷ್ಯರಿಗೆ ಜ್ವರ ಬರುತ್ತದೆ, ಮಕ್ಕಳಿಗೆ ಸೀತಾಳೆ ಸಿಡುಬು ಏಳುತ್ತದೆ, ಬಸ್ಸು ಕೆಡುತ್ತದೆ ಎನ್ನುವುದಕ್ಕೆ ಮಾತ್ರ ಅವನ ಹತ್ತಿರ ಬಣ್ಣವಿರಲಿಲ್ಲ. ಥಿಯೇಟರಿನಲ್ಲಿ ರೋಗಿಗಳು ಮಲಗಿರುತ್ತಾರೆ, ಬೆಲ್ ಒತ್ತುವುದಿಲ್ಲ. ವಾರ್ಡು ಹಾಗಲ್ಲ. ಪ್ರತಿ ವಾರ್ಡಿನಲ್ಲೂ ರಾತ್ರಿಯ ಮೂವರಲ್ಲಿ ಒಬ್ಬರನ್ನು ಕಡಿಮೆ ಮಾಡಿದ. ಇಬ್ಬರಲ್ಲಿ ಒಬ್ಬರು ಬಾರದಿದ್ದರೆ, ಇದ್ದವರ ಪಟ್ಟಿಯಲ್ಲಿ ಇನ್ನೊಂದು ನೀಲಿ ಮನೆ, ಅಂದರೆ ಇನ್ನೊಂದು ರಾತ್ರಿ, ಸೇರುತ್ತಿತ್ತು.

ಹಾಗೆ ಅತಿ ಹೆಚ್ಚು ನೀಲಿ ಮನೆ ಸಿಕ್ಕಿದ್ದು ಗಿಣಿಗೆ. ಗಿಣಿ ಸರ್ಜರಿ ವಾರ್ಡಿನ ಮೂವತ್ತು ದಾಟಿದ ನರ್ಸು, ಅವಳಿ ಮಕ್ಕಳ ತಾಯಿ. ಬಾಯಿ ಬಿಟ್ಟರೆ ಮುಚ್ಚುವವಳಲ್ಲ, ಅದಕ್ಕೇ ಆ ಹೆಸರು. ಡ್ರಿಪ್ ಹಾಕುತ್ತಾ ಹಾಕುತ್ತಾ ರೋಗಿಗೆ ತನ್ನ ನಾದಿನಿಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿರುತ್ತಿತ್ತು, ರೋಗಿಗೆ ಗೊತ್ತೇ ಆಗಿರುತ್ತಿರಲಿಲ್ಲ. ಬಣ್ಣದ ಪೆನ್ಸಿಲ್ ಬಂದ ಮೂರನೇ ತಿಂಗಳ ಒಂದು ವಾರ ಅವಳು ಸತತ ಆರನೇ ನೈಟ್ ಮುಗಿಸುತ್ತಿದ್ದಳು. ಬೆಳಗಿನ ಆರರ ಹೊತ್ತಿಗೆ ಹದಿನಾಲ್ಕನೇ ಹಾಸಿಗೆಯವನಿಗೆ ಕೊಡಬೇಕಾದ ಇನ್ಸುಲಿನ್ ತುಂಬಿಕೊಂಡು ಹದಿನೈದನೇ ಹಾಸಿಗೆಯ ಮುಂದೆ ನಿಂತು ತೋಳು ಒರೆಸಿದಳು.

"ನಂಗೆ ಸಕ್ಕರೆ ಕಾಯಿಲೆ ಇಲ್ಲ ಕಣಮ್ಮ," ಎಂದ ಮುದುಕ. "ಇದ್ದಿದ್ರೆ ನನ್ನ ಸೊಸೆ ಇಷ್ಟೊತ್ತಿಗೆ ಸಿಹಿ ಹಂಚಿರೋಳು."

ಗಿಣಿಯ ಕೈ ಅಲ್ಲೇ ನಿಂತಿತು. ಸೂಜಿ ಚುಚ್ಚಿರಲಿಲ್ಲ. ಏನೂ ಆಗಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಾರ್ಡಿನ ಗೋಡೆಯ ಮೇಲೆ, 'ತಪ್ಪಾದರೆ ಹೆದರದೆ ಬರೆದಿಡಿ' ಎಂದು ನಗುವ ಮುಖದ ಚಿತ್ರವಿದ್ದ ಒಂದು ಪೋಸ್ಟರ್ ಇತ್ತು. ಅದನ್ನು ನಂಬಿದವಳು ಆಸ್ಪತ್ರೆಯಲ್ಲಿ ಗಿಣಿ ಒಬ್ಬಳೇ. ನಡೆದದ್ದನ್ನೆಲ್ಲ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಮನೆಗೆ ಹೋಗಿ ಮಲಗಿದಳು. ಎದ್ದಾಗ ಫೋನಿನಲ್ಲಿ ವಿಚಾರಣೆಯ ನೋಟೀಸು ಬಂದಿತ್ತು.

ವಿಚಾರಣೆಗೆ ಕೂತವರು ಮೂವರು: ಆಡಳಿತಾಧಿಕಾರಿ, ಸಿಬ್ಬಂದಿ ವಿಭಾಗದ ಮೇಡಂ, ಮತ್ತೆ ಹಿರಿಯ ಸರ್ಜನ್. ಸರ್ಜನ್ನಿಗೆ ಹನ್ನೊಂದಕ್ಕೆ ಒಂದು ಹರ್ನಿಯಾ ಆಪರೇಷನ್ ಇತ್ತು, ಗಡಿಯಾರವನ್ನೇ ನೋಡುತ್ತಿದ್ದರು. ಬಣ್ಣದ ಪೆನ್ಸಿಲ್ ಪಕ್ಕದಲ್ಲಿ ಫೈಲು ತಬ್ಬಿಕೊಂಡು ಕೂತಿದ್ದ. ವಾರ್ಡಿನ ಹಿರಿಯಳು ಅಂತ ಬಿಗಿ ಸಿಸ್ಟರನ್ನು ಕರೆದಿದ್ದರು. ಗಿಣಿ ಮೂಲೆಯ ಕುರ್ಚಿಯಲ್ಲಿ ಕೂತು ಒಂದೇ ಒಂದು ಮಾತೂ ಆಡದಿದ್ದದ್ದು ನೋಡಿ ಬಿಗಿ ಸಿಸ್ಟರ್ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು. ಒಬ್ಬ ರೋಗಿಯ ಉಸಿರು ನಿಂತಾಗಲೂ ಮಾತು ನಿಲ್ಲಿಸದೆ ಎದೆ ಒತ್ತಿದವಳು ಗಿಣಿ.

"ಈ ಸಿಸ್ಟರ್ ಮುಂಚಿಂದಲೂ ಹೀಗೇ ಅಜಾಗರೂಕತೆಯಿಂದ ಇರ್ತಾರಾ?" ಎಂದು ಸಿಬ್ಬಂದಿ ಮೇಡಂ ಬಿಗಿ ಸಿಸ್ಟರನ್ನು ಕೇಳಿದರು.

"ಮೇಡಂ, ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದ್ರಿ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏಳು ಗಂಟೆ ಅಂತ ಇಟ್ಕೊಳ್ಳೋಣ. ಏಳು ಗಂಟೆ ನಿದ್ದೆ ಮಾಡಿದ ನೀವು ಈ ನೋಟೀಸಲ್ಲಿ ಅವಳ ವಾರ್ಡಿನ ನಂಬರ್ ತಪ್ಪು ಹಾಕಿದ್ದೀರಿ. ಇವಳು ಆರು ರಾತ್ರಿ ಎದ್ದು ಕೂತು ಒಂದು ಹಾಸಿಗೆ ತಪ್ಪಿದ್ದಾಳೆ. ಅದನ್ನೂ ತಾನೇ ಬರೆದುಕೊಟ್ಟಿದ್ದಾಳೆ. ನೀವು ಬರೆದುಕೊಡ್ತೀರಾ?"

ಸರ್ಜನ್ ಗಡಿಯಾರ ಬಿಟ್ಟು ಅವಳ ಮುಖ ನೋಡಿದರು. ಸಿಬ್ಬಂದಿ ಮೇಡಂ ನೋಟೀಸು ತಿರುಗಿಸಿ ನೋಡಿದರು. ನಂಬರ್ ನಿಜವಾಗಿಯೂ ತಪ್ಪಾಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಅವಳು ಗೆದ್ದು ಮನೆಗೆ ಹೋಗಬಹುದಿತ್ತು. ಆದರೆ ಬಾಯಿಗೆ ವೇಗ ಬಂದುಬಿಟ್ಟಿತ್ತು. "ವಿಚಾರಣೆ ಮಾಡೋದಾದ್ರೆ ಆ ಡ್ಯೂಟಿ ಪಟ್ಟಿಯದ್ದು ಮಾಡಿ," ಎಂದಳು. "ನಾನು ಆಗಿದ್ರೆ ಯಾರನ್ನೂ ಮೂರು ನೈಟಿನ ಮೇಲೆ ಕೂರಿಸ್ತಿರಲಿಲ್ಲ. ಜನ ಇಲ್ಲಾಂದ್ರೆ ಹಾಸಿಗೆ ಮುಚ್ಚಿಸ್ತಿದ್ದೆ."

"ನೀವು ಆಗಿದ್ರೆ," ಎಂದರು ಸರ್ಜನ್ ನಿಧಾನವಾಗಿ. "ಆಗಬಹುದಿತ್ತಲ್ಲ? ನಿಮ್ಮನ್ನ ಕೇಳಿದ್ರು ಅಂತ ಕೇಳಿದ್ದೆ. ಸಂಬಳ ಸಾಲಲ್ಲ ಅಂದ್ರಂತೆ."

ಬಿಗಿ ಸಿಸ್ಟರ್ ಮುಖಕ್ಕೆ ರಕ್ತ ಏರಿತು. ಸರ್ಜನ್ ಬೈದಿರಲಿಲ್ಲ, ಇದ್ದದ್ದನ್ನು ಹೇಳಿದ್ದರು, ಅದೇ ಕಷ್ಟ. ಅವರು ಹರ್ನಿಯಾಗೆ ಎದ್ದು ಹೋದರು. ಗಿಣಿಯ ವಿಷಯ ಮುಂದಿನ ವಾರಕ್ಕೆ ಹೋಯಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಣ್ಣದ ಪೆನ್ಸಿಲ್ ತಟ್ಟೆ ಹಿಡಿದು ಅವಳ ಎದುರಿಗೆ ಬಂದು ಕೂತ. ಜಗಳಕ್ಕೆ ಬಂದ ಎಂದುಕೊಂಡು ಅವಳು ಸೆರಗು ಸರಿ ಮಾಡಿಕೊಂಡಳು. ಅವನು ತಟ್ಟೆಯ ಕಡೆ ನೋಡುತ್ತಲೇ ಹೇಳಿದ: "ಅಕ್ಕಾ, ನನ್ನ ಕೈಲಿ ಆಗ್ತಿಲ್ಲ. ರಾತ್ರಿ ಕನಸಲ್ಲೂ ಫೋನು. ಯಾರೋ ಬರಲ್ಲ ಅಂತಾರೆ, ನಾನು ಇನ್ಯಾರನ್ನೋ ಎಬ್ಬಿಸ್ತೀನಿ. ಥಿಯೇಟರಿಗೆ ವಾಪಸ್ ಕಳಿಸಿ ಅಂತ ಅರ್ಜಿ ಕೊಟ್ಟಿದ್ದೀನಿ. ಗಿಣಿ ಸಿಸ್ಟರ್ ಮೇಲೆ ದೂರು ಕೊಟ್ಟಿದ್ದು ನಾನಲ್ಲ. ನನಗೆ ಬರೆದುಕೊಡಿ ಅಂದ್ರು, ಬರೆದುಕೊಟ್ಟೆ."

"ಬರೆದುಕೊಡದೆ ಇರಬಹುದಿತ್ತಲ್ಲ?"

"ಇರಬಹುದಿತ್ತು," ಎಂದ ಅವನು. ಇಸ್ತ್ರಿ ಅಂಗಿಯ ಕಾಲರಿನೊಳಗೆ ಅವನ ಕತ್ತು ಸೊರಗಿಹೋಗಿತ್ತು. "ಆ ಕುರ್ಚಿಗೆ ಬಂದ ಮೇಲೆ ನಾನು ಯಾವುದಕ್ಕೂ ಆಗಲ್ಲ ಅಂದೇ ಇಲ್ಲ ಅಕ್ಕಾ. ಅದನ್ನ ಯಾರಾದರೂ ಮೊದಲೇ ಹೇಳಿಕೊಡಬೇಕಿತ್ತು."

ಅವನನ್ನು ದ್ವೇಷಿಸಲು ಅವಳು ಮೂರು ತಿಂಗಳಿನಿಂದ ಕಷ್ಟಪಟ್ಟಿದ್ದಳು. ಆ ಕಷ್ಟವೂ ನೀರಲ್ಲಿ ಮಾಡಿದ ಹೋಮವಾಯಿತು.

ಎರಡು ದಿನದಲ್ಲಿ ಆಡಳಿತಾಧಿಕಾರಿ ಮತ್ತೆ ಕರೆಸಿದರು. ಟೀ ಬಂತು. ಹುದ್ದೆ ಖಾಲಿ ಇದೆ ಎಂದರು. ಅಂದಹಾಗೆ ಹೋದ ತಿಂಗಳು ಖರ್ಚು ಕಡಿಮೆ ಮಾಡುವಾಗ ಆ ಹುದ್ದೆ ಭತ್ಯೆಯೂ ಹೋಯಿತು ಎಂದು ಸೇರಿಸಿದರು.

"ಅಂದ್ರೆ ಆವತ್ತು ನಾನು ಬೇಡ ಅಂದಿದ್ದಕ್ಕಿಂತ ಕಮ್ಮಿ."

"ಸ್ವಲ್ಪ ಈಚೆ," ಎಂದರು ಅವರು.

ಯೋಚಿಸುತ್ತೇನೆ ಎಂದು ಹೇಳಿ ಬಂದಳು. ಆ ಸಂಜೆ ಮನೆಯಲ್ಲಿ ವಿಷಯ ತೆಗೆದಾಗ ಅತ್ತೆ ಬಟಾಣಿ ಬಿಡಿಸುತ್ತಿದ್ದರು. "ಇನ್ನೊಂದು ಮೂರು ತಿಂಗಳು ತಡಿ," ಎಂದರು. "ಆಮೇಲೆ ಅವರು ನಿನ್ನ ಹತ್ರಾನೇ ಸಂಬಳ ಕೇಳ್ತಾರೆ."

"ಅತ್ತೆ, ಆ ಹುಡುಗಿಯ ಕೆಲಸ ಹೋಗುತ್ತೆ."

"ನೀನು ಒಪ್ಪಿಕೊಂಡ್ರೆ ಹೋಗಲ್ವಾ?"

"ಗೊತ್ತಿಲ್ಲ. ಹೋಗದೆ ಇರೋ ಹಾಗೆ ಕೇಳಬಹುದು."

ಅತ್ತೆ ಒಂದು ಸಿಪ್ಪೆ ಪಕ್ಕಕ್ಕೆ ಎಸೆದು ಸೊಸೆಯ ಮುಖ ನೋಡಿದರು. ಮಾತಿನ ಸಂದಿಯಲ್ಲಿ ಬಿಟ್ಟುಹೋದದ್ದನ್ನು ಹುಡುಕುವ ಆ ಹಳೆಯ ನೋಟ. "ನಿನಗೆ ಆ ಪಟ್ಟಿ ಹಾಕೋ ಆಸೆ ಇದೆ," ಎಂದರು. "ಗಿಣಿ ಒಂದು ನೆಪ. ಆವತ್ತಿಂದ ನೋಡ್ತಿದ್ದೀನಿ, ಕ್ಯಾಲೆಂಡರಿನ ಹಿಂದೆ ಏನೋ ಮನೆ ಮನೆ ಬರೆದು ಅಳಿಸ್ತಾ ಇದ್ದೀಯ."

ನಿಜ. ಮೂರು ತಿಂಗಳಿನಿಂದ ಬಸ್ಸಿನಲ್ಲಿ, ಸಿಂಕಿನ ಮುಂದೆ, ಎಲ್ಲಿ ನಿಂತರೂ ಅವಳ ತಲೆ ನೂರಾ ನಲವತ್ತು ಜನರನ್ನು ಎತ್ತಿ ಇಳಿಸಿ, ಇವಳನ್ನು ಅಲ್ಲಿ, ಅವಳನ್ನು ಇಲ್ಲಿ ಎಂದು ಕೂರಿಸುತ್ತಿತ್ತು. ತಾನು ಮಾಡಿದರೆ ಸರಿ ಹೋಗುತ್ತದೆ ಎನ್ನುವ ಒಂದು ಸೊಕ್ಕು ಎದೆಯಲ್ಲಿ ಬೆಚ್ಚಗೆ ಕೂತಿತ್ತು. ಅದನ್ನು ತ್ಯಾಗ ಎಂದು ಕರೆದುಕೊಳ್ಳುವುದಕ್ಕೆ ಅವಳಿಗೇ ನಾಚಿಕೆಯಾಯಿತು.

ಗಂಡ ಟವಲಿನಲ್ಲಿ ಕೈ ಒರೆಸಿಕೊಂಡು ಬಂದು ಕೂತ. ನಿನಗೆ ಬಿಟ್ಟಿದ್ದು ಎನ್ನುತ್ತಾನೆ ಎಂದು ಅವಳು ಕಾದಳು. "ಭಾನುವಾರ ಒಂದು ಕಟ್ಟಡದವರು ಕರೀತಿದ್ದಾರೆ," ಎಂದ. "ನಾಲ್ಕು ಲಿಫ್ಟು. ನಾನೇ ಬೇಡ ಅಂತಿದ್ದೆ. ಹೂಂ ಅಂತೀನಿ. ನೀನು ಹೋಗಿ ಆ ಭತ್ಯೆ ವಾಪಸ್ ಕೇಳು. ಕೊಡದಿದ್ರೂ ಕೇಳು."

ಮರುದಿನ ಅವಳು ಒಂದು ಚೀಟಿ ಬರೆದುಕೊಂಡು ಹೋದಳು. ಕಮ್ಮಿ ಸಂಬಳಕ್ಕೆ ಕರೆಯುವವರ ಮುಂದೆ ಚೌಕಾಶಿ ಮಾಡುವುದರಲ್ಲಿ ಒಂದು ಸುಖವಿದೆ. ಅವರು ಇಲ್ಲ ಎಂದರೆ ನಷ್ಟ ಅವರಿಗೇ. ಅವಳು ಕಾಲು ಚಾಚಿ ಕೂತಳು.

"ಯಾರಿಗೂ ಮೂರಕ್ಕಿಂತ ಹೆಚ್ಚು ನೈಟು ಒಟ್ಟಿಗೆ ಇಲ್ಲ. ಕಾಗದದ ಮೇಲೆ ಬೇಕು."

"ಆಗಬಹುದು."

"ಯಾವ ವಾರ್ಡಲ್ಲಾದ್ರೂ ರಾತ್ರಿ ಇಬ್ಬರಿಗಿಂತ ಕಮ್ಮಿ ಜನ ಇದ್ರೆ ಹೊಸ ರೋಗಿ ಬೇಡ. ಎಷ್ಟು ಹಾಸಿಗೆ ಮುಚ್ಚಬೇಕು ಅಂತ ನಾನು ಹೇಳ್ತೀನಿ."

ಆಡಳಿತಾಧಿಕಾರಿ ಪೆನ್ನಿನ ಮುಚ್ಚಳ ಕಚ್ಚಿದರು. "ಹಾಸಿಗೆ ಮುಚ್ಚೋದು ಅಂದ್ರೆ ಸಿಸ್ಟರ್, ಆದಾಯದ ಪ್ರಶ್ನೆ. ಟ್ರಸ್ಟಿನವರಿಗೆ ಏನು ಹೇಳಲಿ?"

"ಹದಿನೈದನೇ ಹಾಸಿಗೆ ಮುದುಕನ ವಿಷಯ ಹೇಳಿ. ಆತ ಬಾಯಿ ಬಿಡದೆ ಇದ್ದಿದ್ರೆ ಅವರಿಗೆ ಎಷ್ಟು ಆದಾಯ ಆಗ್ತಿತ್ತು ಅಂತ ಕೇಳಿ."

ಬಹಳ ಹೊತ್ತು ಎಳೆದಾಟವಾಯಿತು. ಅವಳು ಎರಡು ಸಲ ಎದ್ದು ಬಾಗಿಲ ತನಕ ಹೋದಳು. ಎರಡನೇ ಸಲ ಅವರೇ ಕರೆದು, ಆರು ತಿಂಗಳ ಮಟ್ಟಿಗೆ, ಆಮೇಲೆ ನೋಡೋಣ ಎಂದು ಬರೆದುಕೊಟ್ಟರು. ಗಿಣಿಯ ನೋಟೀಸನ್ನು ತನ್ನ ಕಣ್ಣೆದುರಿಗೇ ಹರಿಯಬೇಕು ಎಂದಳು. ಫೈಲಿನ ಕಾಗದ ಹರಿಯುವ ಹಾಗಿಲ್ಲ, ಮುಕ್ತಾಯ ಅಂತ ಬರೆಯಬಹುದು ಎಂದರು. ಬರೆಸಿದಳು. ಸಹಿ ಹಾಕಿಸಿದಳು, ತಾರೀಖು ಹಾಕಿಸಿದಳು, ಒಂದು ಪ್ರತಿ ತೆಗೆಸಿಕೊಂಡಳು. ಮೆಟ್ಟಿಲಿಳಿಯುವಾಗ ಮೊಣಕಾಲು ನೋಯುತ್ತಿತ್ತೋ ಇಲ್ಲವೋ ಅವಳಿಗೆ ನೆನಪಿಲ್ಲ.

ಮನೆಯಲ್ಲಿ ಮೂರು ಕರಾರನ್ನೂ ವಿವರವಾಗಿ ಹೇಳಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಭತ್ಯೆ?" ಎಂದರು.

ಅವಳು ಬಾಯಿ ತೆರೆದಳು. ಚೀಟಿ ತೆಗೆದು ನೋಡಿದಳು. ನಾಲ್ಕನೇ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, ಭತ್ಯೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು.

"ಮರೆತೆ."

ಗಂಡ ನಗು ತಡೆಯಲು ಹೋಗಿ ಕೆಮ್ಮಿದ. ಅತ್ತೆ ಮಾತ್ರ ನಗಲಿಲ್ಲ. ಎದ್ದು ಹೋಗಿ ಅವಳಿಗೆ ಊಟ ಬಡಿಸಿ ತಂದರು. ತಟ್ಟೆ ಇಡುವಾಗ, "ಇಂಥಾ ಪೆದ್ದಿಯ ಕೈಲಿ ನೂರಾ ನಲವತ್ತು ಜನ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಹೊಸ ಕೋಣೆಗೆ ಕಿಟಕಿ ಇತ್ತು, ಕಿಟಕಿಯಾಚೆ ಲಾಂಡ್ರಿಯ ಹೊಗೆ ಕೊಳವೆ. ಮೊದಲ ಪಟ್ಟಿಗೆ ಅವಳು ಹನ್ನೊಂದು ದಿನ ತೆಗೆದುಕೊಂಡಳು. ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಕಾಗದ ತೂತಾಗಿ, ಕೊನೆಗೆ ಬಣ್ಣದ ಪೆನ್ಸಿಲ್ಲನ್ನೇ ಥಿಯೇಟರಿನಿಂದ ಕರೆಸಿ ಕಂಪ್ಯೂಟರಿನಲ್ಲಿ ಹಾಕಿಸಿಕೊಂಡಳು. ಅವನು ಖುಷಿಯಿಂದ ಬಂದು, ರಜೆಗೆ ಗುಲಾಬಿಯೇ ಇರಲಿ ಎಂದು ಸಲಹೆ ಕೊಟ್ಟು ಹೋದ. ಎರಡನೇ ವಾರ ಎಂಟು ಹಾಸಿಗೆ ಮುಚ್ಚಿಸಿದಳು. ವಿಚಾರಣೆಯಲ್ಲಿ ಅವಳ ಮಾತಿಗೆ ಕಿವಿಗೊಟ್ಟಿದ್ದ ಅದೇ ಸರ್ಜನ್, ತಮ್ಮ ಎರಡು ಆಪರೇಷನ್ ಮುಂದಕ್ಕೆ ಹೋಯಿತೆಂದು ಫೋನಿನಲ್ಲಿ ಅರ್ಧ ಗಂಟೆ ಬೈದರು. ಅವಳು ಫೋನನ್ನು ಮೇಜಿನ ಮೇಲಿಟ್ಟು, ಆಗಾಗ ಹೂಂ ಎನ್ನುತ್ತಾ ಮುಂದಿನ ವಾರದ ಪಟ್ಟಿ ನೋಡಿದಳು. ತಿಂಗಳ ಕೊನೆಗೆ ಸಂಬಳ ಬಂದಾಗ ಮೊಬೈಲನ್ನು ಎರಡು ಸಲ ನೋಡಿದಳು, ಮೂರನೇ ಸಲ ನೋಡಲಿಲ್ಲ.

ವಾರ್ಡಿನ ನೆನಪು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ತಡೆಯಲಾಗದೆ ಕೆಳಗಿಳಿದು ಹೋಗಿ, ಕೈ ತೊಳೆದು, ಒಬ್ಬ ರೋಗಿಯ ಕಾಲಿಗೆ ಡ್ರೆಸ್ಸಿಂಗ್ ಮಾಡಲು ಕೂತಳು. ಅವಳ ಜಾಗಕ್ಕೆ ಬಂದಿದ್ದ ಹಿರಿಯ ನರ್ಸು ಬಂದು, "ಮೇಡಂ, ಅದು ನಾನು ಬೆಳಿಗ್ಗೆನೇ ಮಾಡಿ ಮುಗಿಸಿದ್ದು," ಎಂದಳು. ಮರ್ಯಾದೆಯಿಂದಲೇ ಹೇಳಿದಳು. ಬಿಗಿ ಸಿಸ್ಟರ್ ಗಾಜ್ ಬಟ್ಟೆ ಕೆಳಗಿಟ್ಟು ಎದ್ದುಬಂದಳು. ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತಳು. ಅಳು ಬಂದ ಹಾಗಾಯಿತು, ಬರಲಿಲ್ಲ.

ಮೂರನೇ ತಿಂಗಳ ಪಟ್ಟಿ ಗೋಡೆಗೆ ಹಚ್ಚಿದ ಮಧ್ಯಾಹ್ನ ಗಿಣಿ ಬಾಗಿಲು ತಟ್ಟದೆ ಒಳಗೆ ಬಂದಳು.

"ಅಕ್ಕಾ, ಇದೇನು, ನನಗೆ ಎರಡು ಭಾನುವಾರ ಡ್ಯೂಟಿ ಹಾಕಿದ್ದೀರಿ? ಮಕ್ಕಳ ಹುಟ್ಟುಹಬ್ಬ ಇದೆ, ನನ್ನ ನಾದಿನಿ ಬರ್ತಾಳೆ, ಅವಳು ಬಂದಾಗ ನಾನು ಮನೇಲಿ ಇಲ್ಲಾಂದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು, ನಾನು ಹೇಳಿದ್ದೀನಿ. ಆ ಬಣ್ಣದ ಪೆನ್ಸಿಲ್ ಇದ್ದಾಗಲೇ ವಾಸಿ, ಭಾನುವಾರ ಆದ್ರೂ ಸಿಗ್ತಿತ್ತು."

ಕೆಲಸ ಉಳಿಸಿಕೊಟ್ಟದ್ದನ್ನು ನೆನಪಿಸಬೇಕು ಎಂದು ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಆ ಕರಾರಿನ ವಿಷಯ ಗಿಣಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ನಿದ್ದೆ ಸಿಕ್ಕ ಮುಖ ತುಂಬಿಕೊಂಡಿತ್ತು, ಮಾತು ಹಳೆಯ ಸ್ಪೀಡಿಗೆ ಬಂದಿತ್ತು.

"ಹುಟ್ಟುಹಬ್ಬ ಯಾವ ಭಾನುವಾರ?"

"ಎರಡನೇದು."

"ಅದನ್ನ ಬಿಡಿಸ್ತೀನಿ. ಮೊದಲನೇದಕ್ಕೆ ಬರಬೇಕು."

"ಮೊದಲನೇದಕ್ಕೂ ಆಗಲ್ಲ ಅಕ್ಕಾ, ಅವತ್ತು..."

"ಆಗುತ್ತೆ," ಎಂದಳು ಬಿಗಿ ಸಿಸ್ಟರ್, ಮತ್ತೆ ಪಟ್ಟಿಯ ಕಡೆ ತಿರುಗಿದಳು. ಗಿಣಿ ಇನ್ನೂ ಐದು ನಿಮಿಷ ನಿಂತು ನಾದಿನಿಯ ಕಥೆಯ ಉಳಿದ ಭಾಗ ಹೇಳಿ ಹೋದಳು.